ಗುಜ್ಜೆಯ ಮುಳ್ಳು, ಅಭ್ರಕದ ಹೊಳಪು: ಪಾಲಿಮರ್ ಕ್ಲೇ ಒಡವೆಗೆ ಮನೆಯದೇ ಅಚ್ಚು

ಪಿವಿಸಿ ಪ್ಲಾಸ್ಟಿಕ್‌ನ ನುಣುಪಾದ ಪುಡಿಗೆ ಅದನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ್ಯ ಮತ್ತು ಬಣ್ಣ ಸೇರಿಸಿ ಮಾಡಿದ ಮುದ್ದೆಯೇ ಪಾಲಿಮರ್ ಕ್ಲೇ. ಇದರಲ್ಲಿ ನೀರಿಲ್ಲ, ಆದ್ದರಿಂದ ಗಾಳಿಗೆ ಇಟ್ಟರೆ ಒಣಗುವುದಿಲ್ಲ. 110ರಿಂದ 135 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಬೆಂದರೆ ಗಟ್ಟಿಯಾಗುತ್ತದೆ. ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬದಂಥ ಮಳೆಸೀಮೆಗೆ ಈ ಒಂದು ಗುಣ ದೊಡ್ಡ ಅನುಕೂಲ. ಆವೆಮಣ್ಣಿನ ಒಡವೆಗೆ ಒಣ ಹವೆ ಬೇಕು. ಜೂನ್‌ನಿಂದ ತುಳು ತಿಂಗಳಾದ ಆಟಿ ಕಳೆಯುವವರೆಗೆ ಅದು ಸಿಗುವುದು ಕಷ್ಟ. ಪಾಲಿಮರ್ ಕ್ಲೇ ಕೆಲಸಕ್ಕೆ ಜಡಿಮಳೆ ಅಡ್ಡಿಯಾಗದು. ಬೇಸಿಗೆಯೇ ಇದಕ್ಕೆ ತೊಡಕಿನ ಕಾಲ. ಏಪ್ರಿಲ್‌ನ ಸೆಕೆಯಲ್ಲಿ ಮುದ್ದೆ ಅಂಟಂಟಾಗುತ್ತದೆ, ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಅರೆಬೆಂದಂತಾಗಿ ಪುಡಿಯಾಗುತ್ತದೆ.

ಈ ಸಾಮಗ್ರಿ ಹುಟ್ಟಿದ್ದು ಜರ್ಮನಿಯಲ್ಲಿ. ಅಲ್ಲಿನ ಹೆಸರಾಂತ ಗೊಂಬೆ ತಯಾರಕಿ ಕೇಥೆ ಕ್ರೂಸೆಯ ಮಗಳು, ಫಿಫಿ ಎಂದು ಕರೆಯಲ್ಪಡುತ್ತಿದ್ದ ಸೋಫಿ ರೆಬಿಂಡರ್, ಇದನ್ನು ಮೊಸಾಯಿಕ್ ಕೆಲಸಕ್ಕೆ ಹದಗೊಳಿಸಿದರು. 1964ರಲ್ಲಿ ಎಬರ್‌ಹಾರ್ಡ್ ಫೇಬರ್ ಕಂಪನಿ ಅದರ ಹಕ್ಕು ಪಡೆದು, ಮುಂದೆ ಫಿಮೊ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮೆತ್ತಗಿಡುವ ದ್ರವ್ಯಗಳಲ್ಲಿ ಥ್ಯಾಲೇಟ್ ಗುಂಪಿನ ಕೆಲವನ್ನು ಯುರೋಪಿನ ಒಕ್ಕೂಟ 2005ರಲ್ಲಿ ಮಕ್ಕಳ ಆಟಿಕೆಗಳಿಗೆ ನಿರ್ಬಂಧಿಸಿತು. ಕೊಳ್ಳುವಾಗ ಥ್ಯಾಲೇಟ್ ಇಲ್ಲವೆಂದು ನಮೂದಿಸಿದ ಪೊಟ್ಟಣವನ್ನೇ ಆರಿಸುವುದು ಒಳ್ಳೆಯದು.

ಲೋಹವಿಲ್ಲದ, ಹಗುರವಾದ ಆಭರಣ ಈ ನಾಡಿಗೆ ಹೊಸದಲ್ಲ. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಪದಕಗಳನ್ನು ಹಗುರ ಮರದಲ್ಲಿ ಕೆತ್ತಿ ಮೇಲೆ ಬೇಗಡೆ ಅಂಟಿಸುವ ಕುಶಲಕರ್ಮಿಗಳು ಕರಾವಳಿಯಲ್ಲಿ ಇಂದಿಗೂ ಇದ್ದಾರೆ. ಪಾಲಿಮರ್ ಕ್ಲೇ ಒಡವೆಯ ಸೊಗಸೂ ಹಗುರತನದಲ್ಲಿಯೇ ಇದೆ: ಅಂಗೈಯಗಲದ ಜುಮುಕಿ ಹಾಕಿದರೂ ಕಿವಿ ಜಗ್ಗುವುದಿಲ್ಲ.

ಒಡವೆಯ ಗುಣ ನಿಲ್ಲುವುದು ಅಚ್ಚಿನ ಮೇಲೆ. ಅಂಗಡಿಯ ಸಿಲಿಕೋನ್ ಅಚ್ಚಿನಲ್ಲಿ ಬರುವುದು ಎಲ್ಲ ಊರಲ್ಲೂ ಸಿಗುವ ಅದೇ ಗುಲಾಬಿ, ಅದೇ ಚಿಟ್ಟೆ. ಮನೆಯಲ್ಲೇ ಅಚ್ಚು ತೆಗೆದರೆ ಹಿತ್ತಿಲ ಗುಜ್ಜೆಯ (ಎಳೆ ಹಲಸಿನ) ಸಿಪ್ಪೆ, ಒಣಗಿದ ಕಾಳುಮೆಣಸಿನ ಸುಕ್ಕು, ಅಜ್ಜಿಯ ಬೆಂಡೋಲೆಯ ಕೆತ್ತನೆ ಎಲ್ಲವೂ ಒಡವೆಗೆ ಇಳಿಯುತ್ತವೆ. ಈ ಕಸುಬಿನಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಅಚ್ಚು ತೆಗೆಯುವುದೇ.

ಎಲ್ಲಕ್ಕಿಂತ ಸುಲಭವಾದದ್ದು ಕ್ಲೇಯಿಂದಲೇ ಮಾಡುವ ಅಚ್ಚು. ಚೆನ್ನಾಗಿ ನಾದಿದ ಮುದ್ದೆಯನ್ನು ಬೆರಳು ದಪ್ಪಕ್ಕೆ ತಟ್ಟಿ, ಮೇಲೆ ಟಾಲ್ಕಂ ಪೌಡರ್ ಉದುರಿಸಿ, ಮಾದರಿಯನ್ನು ನೇರವಾಗಿ ಒತ್ತಿ ನೇರವಾಗಿ ಎತ್ತಬೇಕು. ಅಲುಗಿಸಿದರೆ ಗೆರೆ ಜೋಡಿಯಾಗುತ್ತದೆ. ಬೇಯಿಸಿದ ಬಳಿಕ ಅದು ಬಹುಕಾಲ ಬಾಳುವ ಅಚ್ಚು. ಗಟ್ಟಿ ಅಚ್ಚಾದ್ದರಿಂದ ಪ್ರತಿ ಸಲವೂ ಒಳಗೆ ಪುಡಿ ಸವರಬೇಕು, ಇಲ್ಲವೇ ತಣ್ಣೀರು ಹಚ್ಚಬೇಕು. ಪುತ್ತೂರಿನ ಕೆಮ್ಮಿಂಜೆಯಲ್ಲಿ 1986ರಿಂದ ಇರುವ ಕ್ಯಾಂಪ್ಕೊ ಕಾರ್ಖಾನೆಯ ಚಾಕೊಲೇಟ್ ತಣಿಯುತ್ತಲೇ ಕುಗ್ಗಿ ಅಚ್ಚಿನಿಂದ ತಾನಾಗಿ ಕಳಚಿಕೊಳ್ಳುತ್ತದೆ. ಪಾಲಿಮರ್ ಕ್ಲೇ ಹಾಗೆ ಕುಗ್ಗುವುದಿಲ್ಲ.

ಎಲೆಯ ಅಚ್ಚಿನಲ್ಲಿ ಒಂದು ಸೂಕ್ಷ್ಮವಿದೆ. ವೀಳ್ಯದೆಲೆಯ ಅಡಿಭಾಗದಲ್ಲಿ ನರಗಳು ಉಬ್ಬಿರುತ್ತವೆ. ಆ ಬದಿಯನ್ನು ಒತ್ತಿದರೆ ಅಚ್ಚಿನಲ್ಲಿ ತಗ್ಗಾದ ಗೆರೆಗಳು ಮೂಡುತ್ತವೆ, ಅದರಿಂದ ತೆಗೆದ ಪದಕದಲ್ಲಿ ಮತ್ತೆ ಉಬ್ಬುನರ ಬರುತ್ತದೆ. ಎಲೆಯನ್ನು ನೇರವಾಗಿ ಪದಕಕ್ಕೇ ಒತ್ತಿದರೆ ಗೀರು ಮಾತ್ರ.

ಗುಜ್ಜೆಗೆ ಬಾಗುವ ಅಚ್ಚೇ ಆಗಬೇಕು. ಇದಕ್ಕೆ ಅಗ್ಗದ ದಾರಿ ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಸೀಲಂಟ್, ವಿನೆಗರ್ ವಾಸನೆ ಬರುವ ಜಾತಿಯದು. ಅದಕ್ಕೆ ಕಾರ್ನ್‌ಫ್ಲೋರ್ ಬೆರೆಸಿ ಕೈಗವಸು ಹಾಕಿ ಕಲಸಿದರೆ ಕೈಗಂಟದ ಹಿಟ್ಟಿನ ಹದಕ್ಕೆ ಬರುತ್ತದೆ. ಗುಜ್ಜೆಯ ಸಿಪ್ಪೆಯ ಒಂದು ತುಂಡನ್ನು ಕೊಯ್ದು, ಮೇಣ ಸೋರಿ ಹೋಗುವವರೆಗೆ ಬಿಟ್ಟು, ಒರೆಸಿ, ಪೌಡರ್ ಸವರಿ, ಮೇಲೆ ಈ ಮುದ್ದೆಯನ್ನು ಮುಳ್ಳಿನ ಸಂದುಸಂದಿಗೂ ಇಳಿಯುವಂತೆ ಒತ್ತಬೇಕು. ಗಟ್ಟಿಯಾದ ಮೇಲೆ ಸುಲಿದರೆ ಸಾಲುಸಾಲು ಗುಳಿಗಳು. ಅದರಿಂದ ಬರುವ ಓಲೆಯ ಮೈಮೇಲೆ ಹಳೆಯ ಚಿನ್ನದ ಒಡವೆಯ ಕುಸುರಿಕೆಲಸವನ್ನು ನೆನಪಿಸುವ ಮೊನೆಗಳು ಏಳುತ್ತವೆ. ಕಿಟಕಿ ತೆರೆದಿಟ್ಟೇ ಈ ಕೆಲಸ ಮಾಡಬೇಕು, ಆ ಹುಳಿವಾಸನೆ ಅಸಿಟಿಕ್ ಆಮ್ಲದ್ದು. ಹಿತ್ತಾಳೆ, ತಾಮ್ರದ ಹಳೆಯ ಒಡವೆಗೆ ಇದು ತಾಗಿದರೆ ಲೋಹ ಕಿಲುಬು ಹಿಡಿದೀತು; ಅಂಥವಕ್ಕೆ ಕ್ಲೇ ಅಚ್ಚೇ ಕ್ಷೇಮ.

ಸುಳ್ಯ, ಕಡಬದ ರಬ್ಬರ್ ತೋಟಗಳನ್ನು ಕಂಡವರಿಗೆ ರಬ್ಬರ್ ಹಾಲಿನಿಂದಲೇ ಅಚ್ಚು ತೆಗೆಯಬಹುದಲ್ಲ ಎನಿಸುವುದು ಸಹಜ. ತೆಗೆಯಬಹುದು, ಆದರೆ ಮರದಿಂದ ಇಳಿಸಿದ ಹಾಲಿನಿಂದ ಆಗದು. ಅದು ಕೆಲವೇ ಗಂಟೆಗಳಲ್ಲಿ ಹೆಪ್ಪುಗಟ್ಟುತ್ತದೆ, ಒಣಗಿದ ಪೊರೆಯೂ ಅಂಟಾಗಿ ಹಿಗ್ಗಿಬಿಡುತ್ತದೆ. ಬೇಕಾದದ್ದು ಅಮೋನಿಯ ಬೆರೆಸಿ, ಗಂಧಕದಿಂದ ಮೊದಲೇ ಹದಗೊಳಿಸಿದ ಲೇಟೆಕ್ಸ್. ಅದನ್ನು ಬ್ರಷ್‌ನಿಂದ ತೆಳುವಾಗಿ ಬಳಿದು, ಒಣಗಿಸಿ, ಮತ್ತೆ ಬಳಿದು ಹಲವು ಪದರ ಕಟ್ಟಬೇಕು. ತಾಮ್ರ ರಬ್ಬರನ್ನು ಹಾಳುಮಾಡುವುದರಿಂದ ಇಲ್ಲೂ ತಾಮ್ರದ ಮಾದರಿ ಸಲ್ಲದು. ಸಿಲಿಕೋನ್ ಅಚ್ಚನ್ನು ಕ್ಲೇ ಸಮೇತ ಓವನ್‌ಗೆ ಇಡಬಹುದು, ರಬ್ಬರ್ ಅಚ್ಚನ್ನು ಇಡಬಾರದು.

ಅಚ್ಚಿಲ್ಲದೆಯೂ ಊರಿನ ಗುರುತು ಮೂಡಿಸಲು ಒಣಗಿಸಿ ಸುಲಿದ ಚಾಲಿ ಅಡಿಕೆ ಇದೆ. ಸೀಳಿದ ಅಡಿಕೆಯ ಮುಖದಲ್ಲಿ ಕಂದು ನರಗಳು ಬಿಳಿಯೊಳಗೆ ಹೆಣೆದುಕೊಂಡಿರುತ್ತವೆ. ಕಂದು ಮತ್ತು ದಂತವರ್ಣದ ಹಾಳೆಗಳನ್ನು ಸುಕ್ಕುಗಟ್ಟಿಸಿ ಒಟ್ಟಿ, ದಿಂಡಿನಂತೆ ಹೊಸೆದು, ಅಡ್ಡಕ್ಕೆ ಬಿಲ್ಲೆ ಕೊಯ್ದರೆ ಪ್ರತಿ ಬಿಲ್ಲೆಯೂ ಒಂದೊಂದು ಅಡಿಕೆ ಹೋಳು.

ಅಚ್ಚಿಗೆ ಕ್ಲೇಯನ್ನು ತುಂಬುವಾಗ ಬಿರುಕಿಲ್ಲದ ಗೋಲಿ ಮಾಡಿ, ಒಂದು ಬದಿಗೆ ಮೊನೆ ತಂದು, ಆ ಬದಿಯನ್ನು ಆಳವಾದ ಕಡೆಗೆ ಇಟ್ಟು ಒತ್ತಬೇಕು. ಬಂಗಾರದ ಹೊಳಪು ಬೇಕಿದ್ದರೆ ಹಸಿಯಿರುವಾಗಲೇ ಅಭ್ರಕದ ಬಣ್ಣದ ಪುಡಿಯನ್ನು ಬೆರಳಿನಿಂದ ಉಬ್ಬಿದ ಭಾಗಕ್ಕಷ್ಟೇ ಸವರುವುದು. ತೂತು, ಕೊಕ್ಕೆಯ ತಂತಿ ಎಲ್ಲವೂ ಬೇಯಿಸುವ ಮುಂಚೆಯೇ ಆಗಬೇಕು.

ಬೇಯಿಸಲು ಓಟಿಜಿ ಓವನ್ ಸಾಕು, ಮೈಕ್ರೊವೇವ್ ಸಲ್ಲದು. ಓವನ್ನಿನ ಗುಂಡಿ ತೋರುವ ಶಾಖವನ್ನು ನಂಬದೆ ಒಳಗೆ ಒಂದು ಓವನ್ ಥರ್ಮಾಮೀಟರ್ ಇಡಬೇಕು. ಶಾಖ ಮಿತಿಮೀರಿ ಕ್ಲೇ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರುಗಟ್ಟಿಸುವ ಅನಿಲ ಹೊರಡುತ್ತದೆ. ನಡುವೆ ಕರೆಂಟು ಹೋದರೆ ಆತಂಕವಿಲ್ಲ: ಬಂದ ಮೇಲೆ ಮತ್ತೆ ಪೂರ್ತಿ ಹೊತ್ತು ಬೇಯಿಸಬಹುದು. ಲಟ್ಟಣಿಗೆ, ಚಕ್ಕುಲಿ ಒರಳು, ಚಾಕು ಯಾವುದನ್ನು ಈ ಕೆಲಸಕ್ಕೆ ತೆಗೆದುಕೊಂಡರೂ ಅದು ಮತ್ತೆ ಅಡುಗೆಗೆ ಹೋಗಕೂಡದು.

ತಣಿದ ತುಂಡನ್ನು ಪೇಂಟರ್‌ಗಳ ವಾಟರ್ ಪೇಪರ್‌ನಲ್ಲಿ, 400ರಿಂದ ಆರಂಭಿಸಿ 1000ದವರೆಗೆ, ನೀರಿನಲ್ಲಿ ಅದ್ದಿ ಉಜ್ಜಿದರೆ ಅಂಚು ನುಣುಪಾಗುತ್ತದೆ. ಕಂದು ಅಕ್ರಿಲಿಕ್ ಬಣ್ಣ ಬಳಿದು ಕೂಡಲೇ ಒರೆಸಿದರೆ ಬಣ್ಣ ತಗ್ಗಿನಲ್ಲಷ್ಟೇ ಉಳಿದು ಕೆತ್ತನೆ ಎದ್ದು ಕಾಣುತ್ತದೆ. ಮೇಲಿನ ಲೇಪಕ್ಕೆ ನೀರು ಬೆರೆವ ವಾರ್ನಿಷ್ ಆಗಬೇಕು. ನೇಲ್ ಪಾಲಿಶ್ ಹಚ್ಚಿದರೆ ಅದರ ದ್ರಾವಕ ಕ್ಲೇಯ ಮೇಲ್ಮೈಯನ್ನು ಅಂಟಾಗಿಸುತ್ತದೆ. ಕೊಳೆಯಾದ ಒಡವೆಯನ್ನು ಸೋಪುನೀರಿನಲ್ಲಿ ತೊಳೆಯಬಹುದು. ಮುರಿದದ್ದನ್ನು ಸೂಪರ್ ಗ್ಲೂ ಹಾಕಿ ಕೂಡಿಸಬಹುದು, ಇಲ್ಲವೇ ಸಂದಿಗೆ ಹಸಿ ಕ್ಲೇ ತುಂಬಿ ಇನ್ನೊಮ್ಮೆ ಬೇಯಿಸಬಹುದು.