ಸೋಸುಪೊರೆಯು ಕಟ್ಟಿಕೊಳ್ಳುವ ಬಗೆ: ಚರಂಡಿ ನೀರಿನ ಶುದ್ಧೀಕರಣದಲ್ಲಿ ಒಂದು ತೊಡಕು

ಶಾಸನಗಳಲ್ಲಿ ಕೊಪಣವೆಂದು ಹೆಸರಾದ ಕೊಪ್ಪಳವು ಪ್ರಾಚೀನ ಕಾಲದಲ್ಲಿ ಜೈನರ ಮಹಾತೀರ್ಥವಾಗಿದ್ದಿತು. ನೀರನ್ನು ಬಟ್ಟೆಯಿಂದ ಸೋಸದೆ ಬಳಸಬಾರದೆಂಬುದು ಜೈನ ಗೃಹಸ್ಥರ ಆಚಾರಗಳಲ್ಲೊಂದು. ಬಟ್ಟೆಯು ತಡೆದ ಕಸವೇ ಸ್ವಲ್ಪ ಹೊತ್ತಿನಲ್ಲಿ ಬಟ್ಟೆಯನ್ನು ಕಟ್ಟಿಬಿಡುವುದೆಂಬುದು ಹಾಗೆ ಸೋಸಿದವರೆಲ್ಲರ ಅನುಭವ. ಇಂದಿನ ಚರಂಡಿ ನೀರಿನ ಶುದ್ಧೀಕರಣದಲ್ಲಿ ಬಳಕೆಗೆ ಬಂದಿರುವ ಸೋಸುಪೊರೆಗಳನ್ನು ಕಾಡುವ ತೊಡಕೂ ಮೂಲತಃ ಇದೇ ಆಗಿದೆ. ಇತಿಹಾಸದ ಅಧ್ಯಾಪಕನು ಇದನ್ನು ವಿವರಿಸಲು ಹೊರಟುದಕ್ಕೆ ಕಾರಣವುಂಟು: ಈ ತೊಡಕಿನ ಹಿಂದೆ ಒಂದು ಶತಮಾನದ ಚರಿತ್ರೆಯಿದೆ, ಅದರ ಎಳೆಯೊಂದು ನಮ್ಮ ನಾಡಿಗೂ ಬಂದು ಸೇರಿದೆ.

1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬ ರಸಾಯನಜ್ಞರು ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಚರಂಡಿ ನೀರಿಗೆ ಗಾಳಿಯೂದಿದರೆ ಅದು ಶುದ್ಧವಾಗಲು ಮೊದಲು ಸುಮಾರು 5 ವಾರಗಳು ಹಿಡಿದವು. ಆದರೆ ತಳದಲ್ಲಿ ನಿಂತ ರಾಡಿಯನ್ನು ಚೆಲ್ಲದೆ ಉಳಿಸಿ, ಅದರ ಮೇಲೆಯೇ ಹೊಸ ನೀರನ್ನು ಹಾಯಿಸುತ್ತ ಹೋದಂತೆ, ಅದೇ ಕಾರ್ಯವು ಕೆಲವೇ ಗಂಟೆಗಳಲ್ಲಿ ಮುಗಿಯತೊಡಗಿತು. ರಾಡಿಯಲ್ಲಿದ್ದ ಸೂಕ್ಷ್ಮಜೀವಿಗಳೇ ಇದಕ್ಕೆ ಕಾರಣ. ಈ ಪ್ರಯೋಗಗಳಿಗೆ ಪ್ರೇರಣೆ ನೀಡಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದರು.

ಶುದ್ಧವಾದ ನೀರನ್ನು ರಾಡಿಯಿಂದ ಬೇರ್ಪಡಿಸಲು ಬಹುಕಾಲ ತಿಳಿಗೊಳಿಸುವ ತೊಟ್ಟಿಯೇ ಆಧಾರವಾಗಿದ್ದಿತು. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ತೊಟ್ಟಿಯ ಬದಲು ಪೊರೆಯನ್ನು ಬಳಸಲಾಯಿತು. 1989ರಲ್ಲಿ ಜಪಾನಿನ ಯಾಮಾಮೊಟೊ ಮತ್ತು ಸಹೋದ್ಯೋಗಿಗಳು ಪೊರೆಯನ್ನು ರಾಡಿಯಲ್ಲಿಯೇ ಮುಳುಗಿಸಿ ನೀರನ್ನು ಹೀರುವ ಕ್ರಮವನ್ನು ತೋರಿಸಿದರು. ಈ ಪೊರೆಯ ರಂಧ್ರಗಳು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಿರಿದು. ಆದಕಾರಣ ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ಹಿಂದೆಯೇ ಉಳಿಯುತ್ತವೆ.

ಮ್ಯಾಂಚೆಸ್ಟರಿನವರು ಉಳಿಸಿಕೊಂಡ ರಾಡಿಯೇ ಇಲ್ಲಿ ಪೊರೆಗೆ ಕಂಟಕವಾಗುತ್ತದೆ. ಸೂಕ್ಷ್ಮಜೀವಿಗಳು ಪ್ರೋಟೀನು ಮತ್ತು ಶರ್ಕರಜನ್ಯ ವಸ್ತುಗಳಿಂದ ಕೂಡಿದ ಲೋಳೆಯನ್ನು ಸ್ರವಿಸುತ್ತವೆ. ಅದರ ಸೂಕ್ಷ್ಮ ಕಣಗಳು ರಂಧ್ರಗಳೊಳಗೆ ಸೇರುತ್ತವೆ. ಮೇಲ್ಮೈಯಲ್ಲಿ ರಾಡಿಯ ಪದರವೇಳುತ್ತದೆ. ಗಡಸು ನೀರಿದ್ದರೆ ಸುಣ್ಣದ ಲವಣಗಳೂ ಕಟ್ಟುತ್ತವೆ. ಅಷ್ಟೇ ನೀರನ್ನು ಹೀರಲು ಹೆಚ್ಚು ಒತ್ತಡ ಬೇಕಾಗುತ್ತದೆ. ಈ ಒತ್ತಡವು ಬಹುದಿನ ನಿಧಾನವಾಗಿ ಏರಿ, ತರುವಾಯ ಒಮ್ಮೆಲೇ ಜಿಗಿಯುವುದುಂಟು. ಒಂದೊಂದು ರಂಧ್ರ ಮುಚ್ಚಿದಂತೆಲ್ಲ ಉಳಿದವುಗಳ ಮೇಲೆ ಹೆಚ್ಚು ಭಾರ ಬಿದ್ದು, ಅವು ಇನ್ನೂ ಬೇಗ ಮುಚ್ಚುವುದೇ ಇದಕ್ಕೊಂದು ಕಾರಣ.

ಪರಿಹಾರಗಳೂ ಈ ಕ್ರಮವನ್ನೇ ಅನುಸರಿಸುತ್ತವೆ. ಮೇಲಿನ ಪದರವನ್ನು ಗಾಳಿಗುಳ್ಳೆಗಳಿಂದಲೂ, ಹೀರುವಿಕೆಗೆ ಬಿಡುವು ಕೊಟ್ಟೂ, ನೀರನ್ನು ಹಿಮ್ಮುಖವಾಗಿ ಹಾಯಿಸಿಯೂ ಸಡಿಲಿಸುತ್ತಾರೆ. ಲೋಳೆಗೆ ಸೋಡಿಯಂ ಹೈಪೋಕ್ಲೋರೈಟ್, ಸುಣ್ಣದ ಕಟ್ಟಿಗೆ ಸಿಟ್ರಿಕ್ ಆಮ್ಲ. ಎಲ್ಲಕ್ಕಿಂತ ಮುಖ್ಯವಾದುದು ಮಿತಿಮೀರಿದ ವೇಗದಿಂದ ಹೀರದಿರುವುದು.

ಈ ವಿಚಾರವು ನಮಗೆ ದೂರದ್ದಲ್ಲ. ಗಂಗಾವತಿಗೆ ತುಂಗಭದ್ರೆಯ ಕಾಲುವೆಯಿದೆ; ಕುಷ್ಟಗಿ, ಯಲಬುರ್ಗಾಗಳ ಹೊಲಗಳು ಬಹುಮಟ್ಟಿಗೆ ಮಳೆಯನ್ನೂ ಅಂತರ್ಜಲವನ್ನೂ ನಂಬಿವೆ. ಅಲ್ಲಿ ಊರಿನ ಚರಂಡಿ ನೀರೂ ಚೆಲ್ಲತಕ್ಕ ವಸ್ತುವಲ್ಲ. ಆದರೂ ಎರಡು ಮಾತುಗಳನ್ನು ಮರೆಯಲಾಗದು. ಈ ಪೊರೆಯು ನೀರಿನಲ್ಲಿ ಕರಗಿದ ಫ್ಲೋರೈಡನ್ನು ತಡೆಯಲಾರದು. ಆ ಬಾಧೆಯಿರುವ ಅಂತರ್ಜಲಕ್ಕೆ ಬೇರೆಯೇ ಉಪಾಯ ಬೇಕು. ಎರಡನೆಯದಾಗಿ, ಗಾಳಿಯೂದಲು ವಿದ್ಯುತ್ತೂ, ತೊಳೆಯಲು ತಿಳಿದ ಕೈಗಳೂ ನಿತ್ಯ ಬೇಕು. ಇವಿಲ್ಲದ ಊರಿಗೆ, ಜಾಗ ಹೆಚ್ಚು ಬೇಡುವ ಕೊಳಗಳ ಸರಳ ಕ್ರಮವೇ ಹೆಚ್ಚು ಬಾಳಿಕೆಯದಾಗಬಹುದು. ಸೋಸುವ ಬಟ್ಟೆಯನ್ನು ಕೊಳ್ಳುವ ಮುನ್ನ, ಅದನ್ನು ದಿನವೂ ಜಾಲಿಸುವವರಾರೆಂದು ಕೇಳಿಕೊಳ್ಳುವುದು ವಿವೇಕ.