ದವಡೆ ಮುರಿದಾಗ ಶಸ್ತ್ರಚಿಕಿತ್ಸೆ ಬೇಕೆ, ಬೇಡವೆ?

ಸಂಸ್ಕೃತದಲ್ಲಿ ‘ಹನು’ ಎಂದರೆ ದವಡೆ. ಸೂರ್ಯನನ್ನು ಹಣ್ಣೆಂದು ಬಗೆದು ನೆಗೆದ ಬಾಲಕ ಆಂಜನೇಯನಿಗೆ ಇಂದ್ರನ ವಜ್ರಾಯುಧದ ಪೆಟ್ಟು ತಗಲಿ ಎಡದವಡೆ ಮುರಿಯಿತು. ಹನುಮಂತನೆಂಬ ಹೆಸರು ಬಂದುದು ಅದರಿಂದಲೇ ಎಂದು ವಾಲ್ಮೀಕಿ ರಾಮಾಯಣ ಹೇಳುತ್ತದೆ. ಈ ಕತೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆದರೆ ದವಡೆ ಮುರಿಯುವುದೆಂದರೇನೆಂದು ನನಗೆ ತಿಳಿದುದು, ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬ ಮುರಕಲ್ಲಿನ ಮೆಟ್ಟಿಲಿನಿಂದ ಜಾರಿ ಗದ್ದ ಊರಿ ಬಿದ್ದಾಗ.

ಗದ್ದದ ಕೆಳಗೆ ಸೀಳಿದ ಗಾಯವಿತ್ತು. ನಾನೇ ತೊಳೆದು ಹತ್ತಿ ಒತ್ತಿ ಹಿಡಿದೆ. ಹತ್ತಿರದಲ್ಲಿ ಎರಡು ಹೊಲಿಗೆ ಹಾಕಿಸಿ ಮನೆಗೆ ಕಳುಹಿಸಿದೆವು. ಗಾಯ ಕಣ್ಣಿಗೆ ಕಂಡಿತು, ಮೂಳೆ ಕಾಣಲಿಲ್ಲ. ಮೂರನೆಯ ದಿನ ಅವನ ತಾಯಿ ಬಂದು, “ಮಾಷ್ಟ್ರೇ, ಇವನು ಗಂಜಿ ಸಹ ಸರಿಯಾಗಿ ಉಣ್ಣುವುದಿಲ್ಲ. ಹಲ್ಲು ಮೊದಲಿನ ಹಾಗೆ ಕೂಡುವುದಿಲ್ಲವಂತೆ” ಎಂದರು. ಹಲ್ಲು ಕೂಡುತ್ತದೆಯೇ ಎಂದು ಬಿದ್ದ ದಿನವೇ ಆ ಹುಡುಗನನ್ನು ನಾನು ಕೇಳಬೇಕಿತ್ತು.

ಕೆಳದವಡೆಯು ಕುದುರೆಯ ಲಾಳದ ಆಕಾರದ ಒಂದೇ ಮೂಳೆ. ಅದರ ಎರಡು ತುದಿಗಳು ಕಿವಿಯ ಮುಂದೆ ತಲೆಬುರುಡೆಗೆ ಕೀಲಾಗಿ ಸೇರಿವೆ. ನಿಮ್ಮ ಬೆರಳನ್ನು ಕಿವಿಯ ಮುಂದಿಟ್ಟು ಬಾಯಿ ತೆರೆದು ಮುಚ್ಚಿರಿ. ಕೀಲು ಚಲಿಸುವುದು ತಿಳಿಯುತ್ತದೆ. ಎರಡೂ ತುದಿ ಬಿಗಿಯಾಗಿ ಹಿಡಿದ ಬಳೆಯನ್ನು ಒತ್ತಿದರೆ ಒಂದೇ ಕಡೆ ಮುರಿಯುವುದು ಅಪರೂಪ. ದವಡೆಯೂ ಎಷ್ಟೋ ಸಲ ಹಾಗೆಯೇ ಎರಡು ಕಡೆ ಮುರಿಯುತ್ತದೆ: ಪೆಟ್ಟು ಬಿದ್ದಲ್ಲಿ ಒಂದು, ದೂರದಲ್ಲಿ ಇನ್ನೊಂದು. ಗದ್ದಕ್ಕೆ ಬಿದ್ದ ಪೆಟ್ಟು ಕೀಲಿನ ಕೆಳಗಿನ ತೆಳ್ಳಗಿನ ಕತ್ತನ್ನು ಮುರಿಯುವುದುಂಟು. ಈ ಕತ್ತು ತೆಳ್ಳಗಿರುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ. ಅದು ಮುರಿಯುವುದರಿಂದ ಪೆಟ್ಟಿನ ರಭಸ ಮಿದುಳಿನವರೆಗೆ ಹೋಗುವುದಿಲ್ಲ. ವಿದ್ಯುತ್ತಿನ ಫ್ಯೂಸ್ ತಂತಿ ತಾನು ಸುಟ್ಟು ಮನೆಯನ್ನು ಉಳಿಸುವಂತೆ.

ಆದುದರಿಂದ ಗದ್ದ ಒಡೆದುಕೊಂಡ ಮಗುವನ್ನು ಹೆತ್ತವರು ಕೇಳಬೇಕಾದುದು: ಹಲ್ಲುಗಳು ಮೊದಲಿನಂತೆ ಕೂಡುತ್ತವೆಯೆ? ಬಾಯಿ ತೆರೆಯುವಾಗ ಗದ್ದ ಒಂದು ಬದಿಗೆ ವಾಲುತ್ತದೆಯೆ? ಕೆಳತುಟಿ ಜೋಮು ಹಿಡಿದಂತಿದೆಯೆ? ದವಡೆಯೊಳಗೆ ಹಾದು ತುಟಿಗೆ ಬರುವ ನರವೊಂದಿದೆ, ಅದಕ್ಕೆ ಪೆಟ್ಟಾದರೆ ತುಟಿ ಮರಗಟ್ಟುತ್ತದೆ. ನಾಲಿಗೆಯ ಕೆಳಗೆ ನೀಲಿಯಾಗಿ ರಕ್ತ ಕಟ್ಟಿದ್ದರಂತೂ ಮುರಿತವೆಂದೇ ತಿಳಿಯತಕ್ಕದ್ದು. ಉಸಿರಿಗೆ ಕಷ್ಟವಾದರೆ, ರಕ್ತ ನಿಲ್ಲದಿದ್ದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿ ಅಂಗಾತ ಮಲಗಿಸದೆ ಮುಂದಕ್ಕೆ ಬಾಗಿಸಿ ಕೂರಿಸಬೇಕು.

ಹುಡುಗನನ್ನು ಮಂಗಳೂರಿಗೆ ಕರೆದೊಯ್ದರು. ಕಾಗದಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆಂದು ನನ್ನನ್ನೂ ಜೊತೆಗೆ ಕರೆದರು. ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರು (ಇವರು ಮೊದಲು ದಂತವೈದ್ಯ ಕಲಿತು ಅನಂತರ ಇದನ್ನು ಕಲಿತವರು) ದವಡೆಯನ್ನು ಉದ್ದಕ್ಕೂ ತೋರಿಸುವ ಓ.ಪಿ.ಜಿ. ಎಂಬ ಎಕ್ಸ್‌ರೇ ತೆಗೆಸಿದರು, ಬಳಿಕ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಎರಡು ಮುರಿತ: ಬಲಕ್ಕೆ ಕೋರೆಹಲ್ಲಿನ ಬಳಿ ಒಂದು, ಎಡಗಿವಿಯ ಮುಂದಿನ ಕತ್ತಿನಲ್ಲಿ ಒಂದು. ವೈದ್ಯರು, “ಮುಂದಿನದಕ್ಕೆ ಆಪರೇಷನ್ ಮಾಡೋಣ, ಕಿವಿಯ ಬಳಿಯದನ್ನು ಮುಟ್ಟುವುದು ಬೇಡ” ಎಂದರು.

ಹೊರಗೆ ಬಂದ ಮೇಲೆ ತಂದೆ ನನ್ನನ್ನು ಕೇಳಿದರು: “ಒಂದೇ ದವಡೆ, ಎರಡು ಮುರಿತ. ಒಂದಕ್ಕೆ ಕೊಯ್ಯಬೇಕು, ಇನ್ನೊಂದಕ್ಕೆ ಬೇಡ. ಇದೆಂಥ ಲೆಕ್ಕ ಮಾಷ್ಟ್ರೇ? ನಮ್ಮ ಕಡೆಯ ನಾಟಿ ವೈದ್ಯರು ಮೂಳೆ ಕಟ್ಟುತ್ತಾರಲ್ಲ?” ನನಗೂ ಅರ್ಥವಾಗಿರಲಿಲ್ಲ. ಇಬ್ಬರೂ ಮತ್ತೆ ಒಳಗೆ ಹೋಗಿ ಕೇಳಿದೆವು. ವೈದ್ಯರು ಬೇಸರಿಸದೆ ಹೇಳಿದರು.

ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ. ವೈದ್ಯರ ಕೆಲಸ ಅದು ಸರಿಯಾದ ಜಾಗದಲ್ಲಿ ಕೂಡುವಂತೆ ನೋಡಿಕೊಳ್ಳುವುದು ಮಾತ್ರ. ತುಂಡುಗಳು ಅಲುಗದೆ ಇದ್ದಲ್ಲೇ ಇದ್ದು, ಹಲ್ಲು ಸರಿಯಾಗಿ ಕೂಡುತ್ತಿದ್ದರೆ, ಮೆತ್ತನೆಯ ಆಹಾರ ಕೊಟ್ಟು ಆಗಾಗ ನೋಡುತ್ತಿದ್ದರೆ ಸಾಕಾಗುವುದುಂಟು. ಸ್ವಲ್ಪ ಜರುಗಿದ್ದರೆ, ಮೇಲಿನ ಹಾಗೂ ಕೆಳಗಿನ ಹಲ್ಲುಗಳನ್ನು ಒಂದಕ್ಕೊಂದು ತಂತಿ ಇಲ್ಲವೆ ರಬ್ಬರಿನಿಂದ ಕಟ್ಟಿ ದವಡೆಯನ್ನು ನಿಲ್ಲಿಸುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ 4ರಿಂದ 6 ವಾರ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಇದು ಹೊಸದಲ್ಲ. ಗ್ರೀಸಿನ ಹಿಪೋಕ್ರಟಿಸನ ಕಾಲದಲ್ಲೇ ಮುರಿತದ ಎರಡು ಬದಿಯ ಹಲ್ಲುಗಳನ್ನು ಚಿನ್ನದ ತಂತಿ ಅಥವಾ ನೂಲಿನಿಂದ ಕಟ್ಟುತ್ತಿದ್ದರು.

ಆದರೆ ದವಡೆಗೆ ಅಂಟಿಕೊಂಡ ಸ್ನಾಯುಗಳು ಬಲಶಾಲಿಗಳು. ಮುರಿತದ ಗೆರೆ ಓರೆಯಾಗಿರುವ ದಿಕ್ಕಿಗೆ ತಕ್ಕಂತೆ ಅವು ತುಂಡುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯಬಹುದು, ಇಲ್ಲವೆ ಬೇರೆ ಬೇರೆ ಎಳೆಯಬಹುದು. ನಮ್ಮ ಹುಡುಗನ ಮುಂದಿನ ತುಂಡುಗಳನ್ನು ಎಳೆದು ಜರುಗಿಸಿದ್ದವು. ಹಲ್ಲಿನ ಸಾಲಿನಲ್ಲಿ ಮೆಟ್ಟಿಲು ಬಿದ್ದಂತಿತ್ತು. ಅಂಥ ಕಡೆ ಬಾಯಿಯ ಒಳಗಿನಿಂದಲೇ ಕೊಯ್ದು, ತುಂಡುಗಳನ್ನು ಹೊಂದಿಸಿ, ಟೈಟೇನಿಯಂ ಲೋಹದ ಸಣ್ಣ ಪಟ್ಟಿಯನ್ನು ತಿರುಪುಗಳಿಂದ ಕೂರಿಸುತ್ತಾರೆ. ಇಂಥ ಸಣ್ಣ ಪಟ್ಟಿಗಳನ್ನು ಎಲ್ಲಿ ಇಟ್ಟರೆ ಸ್ನಾಯುಗಳ ಎಳೆತವನ್ನು ತಡೆಯುತ್ತವೆಂದು 1970ರ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಶಾಂಪಿ ಎಂಬ ವೈದ್ಯರು ತೋರಿಸಿಕೊಟ್ಟರು. ಬಾಯಿಯನ್ನು ವಾರಗಟ್ಟಲೆ ಕಟ್ಟಿಡುವ ಕಷ್ಟ ಇದರಿಂದ ಬಹುಮಟ್ಟಿಗೆ ತಪ್ಪಿತು. ತೊಂದರೆಗಳೂ ಇಲ್ಲದಿಲ್ಲ: ಮೈಮರೆಸುವ ಮದ್ದು ಬೇಕು, ತುಟಿಯ ನರಕ್ಕೆ, ಹಲ್ಲಿನ ಬೇರಿಗೆ ತಗಲಬಹುದು, ಕೀವಾಗಬಹುದು. ಚಿಕ್ಕ ಮಕ್ಕಳ ದವಡೆಯೊಳಗೆ ಇನ್ನೂ ಹುಟ್ಟದ ಹಲ್ಲಿನ ಮೊಳಕೆಗಳಿರುವುದರಿಂದ ತಿರುಪು ಹಾಕಲು ವೈದ್ಯರು ಹಿಂಜರಿಯುತ್ತಾರೆ.

ಕಿವಿಯ ಬಳಿಯದನ್ನು ಬಿಟ್ಟದ್ದೇಕೆ? ಬೆಳೆಯುವ ಮಕ್ಕಳಲ್ಲಿ ಆ ಕೀಲಿನ ತಲೆಯು ತನ್ನನ್ನು ತಾನೇ ತಿದ್ದಿಕೊಳ್ಳಬಲ್ಲದು. ಕೊಯ್ಯಲು ಹೋದರೆ ಮುಖದ ನರ ದಾರಿಯಲ್ಲೇ ಇದೆ. ಅದಕ್ಕೆ ಬೇಕಾದುದು ಕೆಲದಿನಗಳ ರಬ್ಬರಿನ ಆಸರೆ, ಅನಂತರ ಬಾಯಿ ತೆರೆಯುವ ವ್ಯಾಯಾಮ. ಬಹುಕಾಲ ಕಟ್ಟಿಟ್ಟರೆ ಕೀಲು ಅಂಟಿಕೊಂಡು ಬಾಯಿಯೇ ತೆರೆಯದಂತಾಗುವ ಭಯವುಂಟು. ಗದ್ದ ಕಟ್ಟಿ ತಿಂಗಳು ಕೂರಿಸುವ ನಾಟಿ ಕಟ್ಟು ಇಲ್ಲಿ ಸಲ್ಲದೆಂಬುದು ಆಗ ತಂದೆಗೆ ಮನದಟ್ಟಾಯಿತು. ದೊಡ್ಡವರಲ್ಲಿ ಇದೇ ಕತ್ತು ಬಹಳ ಜರುಗಿ ಹಲ್ಲು ಕೂಡದಿದ್ದರೆ ಶಸ್ತ್ರಚಿಕಿತ್ಸೆ ಮಾಡುವುದುಂಟು. ಮಗನಿಗೆ ಬೇಡವಾದುದು ತಂದೆಗೆ ಬೇಕಾಗಬಹುದು.

“ಇನ್ನೊಬ್ಬ ವೈದ್ಯರನ್ನು ಕೇಳಿದರೆ ನಿಮಗೆ ಬೇಸರವೇ?” ಎಂದು ತಂದೆ ಅಳುಕುತ್ತ ಕೇಳಿದರು. “ಕೇಳಿ, ಆದರೆ ವಾರ ಕಳೆಯಬೇಡಿ. ಮಕ್ಕಳ ಮೂಳೆ ಬೇಗ ಕೂಡುತ್ತದೆ, ವಕ್ರವಾಗಿಯೂ ಕೂಡುತ್ತದೆ” ಎಂದರು ವೈದ್ಯರು. ಮರುದಿನ ತಂದೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದರು; ಸಾಲುಸಾಲಾಗಿ ಅದರ ಅರ್ಥ ಹೇಳುವಾಗ ನನ್ನ ಸ್ವರವೇ ನಡುಗುತ್ತಿತ್ತು.

ಮನೆಗೆ ಬಂದ ಮೇಲಿನ ಕೆಲಸ ತಾಯಿಯದು. ಸೋಸಿದ ಗಂಜಿ, ಹೆಸರುಬೇಳೆಯ ತೊವ್ವೆ, ಹಾಲು, ಮಜ್ಜಿಗೆ. ಪ್ರತಿ ಊಟದ ಬಳಿಕ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು. ತಂತಿ ಕಟ್ಟಿಸಿಕೊಂಡವರಾದರೆ ತಂತಿ ಕತ್ತರಿಸುವ ಇಕ್ಕಳವನ್ನು ಸದಾ ಬಳಿಯಿಟ್ಟುಕೊಳ್ಳಬೇಕು, ವಾಂತಿ ಬಂದರೆ ಉಸಿರು ಕಟ್ಟೀತು. ಹುಡುಗ ಕನ್ನಡಿಯ ಮುಂದೆ ನಿಂತು ದಿನವೂ ಬಾಯಿ ತೆರೆಯುತ್ತಿದ್ದ. ಮೊದಲು ಒಂದು ಬೆರಳು ಹೋಗುವಷ್ಟು, ಬಳಿಕ ಎರಡು. ತನ್ನದೇ ಮೂರು ಬೆರಳು ನಿಲ್ಲಿಸಿ ಇಡುವಷ್ಟು ತೆರೆದ ದಿನ, ತರಗತಿಯ ಬಾಗಿಲಲ್ಲಿ ನಿಂತು ನನಗೆ ತೋರಿಸಿದ. ಬೆಳವಣಿಗೆ ಮುಗಿಯುವವರೆಗೆ ಎರಡು ಬದಿಯೂ ಸಮನಾಗಿ ಬೆಳೆಯುತ್ತಿದೆಯೇ ಎಂದು ನೋಡಬೇಕಾದ ಕಾರಣ, ಈಗಲೂ ಬೇಸಿಗೆ ರಜೆಯಲ್ಲಿ ತಂದೆ ಅವನನ್ನು ಕರೆದೊಯ್ಯುತ್ತಾರೆ.