ಸಿಗ್ನಲ್ ದೀಪವೂ ದಾರಿಯ ಪಾಳಿಯೂ



ಮುಂಗಾರಿನ ಆರಂಭದಲ್ಲಿ ಪಟ್ಟಣದ ಸರ್ಕಲ್ಲಿನಲ್ಲಿ ನಡೆದ ಸಂಗತಿ ಇದು. ನಮ್ಮ ಹಳ್ಳಿಯ ಹಿರಿಯರೊಬ್ಬರು ಬಿತ್ತನೆ ಭತ್ತದ ಚೀಲ ಹೊತ್ತು ಬಿಳಿ ಪಟ್ಟೆಗಳ ಮೇಲೆ ರಸ್ತೆ ದಾಟುತ್ತಿದ್ದರು. ಅರ್ಧ ದಾಟುವಷ್ಟರಲ್ಲಿ ವಾಹನಗಳಿಗೆ ಹಸಿರು ದೀಪ ಬಂತು. ನಮ್ಮ ಹಳ್ಳಿಯದೇ ಟ್ರ್ಯಾಕ್ಟರೊಂದು ಮುಂದಕ್ಕೆ ನುಗ್ಗಿತು. ಗೇಣಿನ ಅಂತರದಲ್ಲಿ ಅವರು ಉಳಿದುಕೊಂಡರು.

“ನನಗೆ ಹಸಿರು ಬಿದ್ದಿತ್ತಲ್ಲ, ತಾತ” ಎಂದ ಹುಡುಗ.

“ನಾನು ಹೊರಟಾಗ ನನಗೂ ಹಸಿರೇ ಇತ್ತಲ್ಲಪ್ಪ” ಎಂದರು ತಾತ.

ಇಬ್ಬರ ಮಾತೂ ನಿಜ. ಆದರೂ ತಪ್ಪು ಟ್ರ್ಯಾಕ್ಟರಿನವನದು.

ಸಿಗ್ನಲ್ ದೀಪವೆಂದರೆ ನಾಲೆಯ ನೀರಿನ ಪಾಳಿ ಇದ್ದಂತೆ. ನಮ್ಮ ಪಾಳಿ ಬಂತೆಂದು ತೂಬಿನ ಬಳಿ ನಿಂತವನನ್ನು ತಳ್ಳಿ ನೀರು ತಿರುಗಿಸುವುದುಂಟೆ? ಹಾಗೆಯೇ, ಆಗಲೇ ರಸ್ತೆಗಿಳಿದವರು ದಾಟಿ ಮುಗಿಸಲು ಬಿಟ್ಟು, ಆಮೇಲೆ ವಾಹನ ಹೊರಡತಕ್ಕದ್ದು.

ನಡೆದು ಹೋಗುವವರು ತಿಳಿಯಬೇಕಾದುದು:

1. ಬಿಳಿ ಪಟ್ಟೆಗಳಿರುವಲ್ಲಿಯೇ ದಾಟಿರಿ. ನಿಂತ ಮನುಷ್ಯನ ಕೆಂಪು ಚಿತ್ರ ಕಂಡರೆ ರಸ್ತೆಯ ಅಂಚಿನಲ್ಲೇ ನಿಲ್ಲಿರಿ. ನಡೆಯುವ ಮನುಷ್ಯನ ಹಸಿರು ಚಿತ್ರ ಕಂಡರೆ ಹೊರಡಬಹುದು.

2. ಹಸಿರು ಚಿತ್ರ ಮಿನುಗತೊಡಗಿದರೆ ಹೊಸದಾಗಿ ರಸ್ತೆಗೆ ಕಾಲಿಡಬೇಡಿರಿ. ಆಗಲೇ ಇಳಿದವರು ನಿಲ್ಲದೆ ದಾಟಿ ಮುಗಿಸಿರಿ.

3. 12 ಮೀಟರ್ ಅಗಲದ ರಸ್ತೆ ದಾಟಲು ಸುಮಾರು 10 ಸೆಕೆಂಡು ಬೇಕು. ಹೊರೆ ಹೊತ್ತವರಿಗೆ, ವಯಸ್ಸಾದವರಿಗೆ ಇನ್ನೂ ಹೆಚ್ಚು. ಆದ್ದರಿಂದ ಅಂಥವರು ಹಸಿರು ಬಂದ ಕೂಡಲೇ ಹೊರಡುವುದು ಲೇಸು.

4. ದೀಪ ಹಸಿರಿದ್ದರೂ ಮೊದಲು ಬಲಕ್ಕೆ, ಬಳಿಕ ಎಡಕ್ಕೆ, ಮತ್ತೊಮ್ಮೆ ಬಲಕ್ಕೆ ನೋಡಿಯೇ ಇಳಿಯಿರಿ.

ವಾಹನ ನಡೆಸುವವರು ತಿಳಿಯಬೇಕಾದುದು:

1. ಕೆಂಪು ದೀಪ ಬಂದರೆ ಪಟ್ಟೆಗಳಿಗೆ ಮುಂಚೆ ಎಳೆದಿರುವ ಗೆರೆಯ ಹಿಂದೆಯೇ ನಿಲ್ಲಿಸಿರಿ. ಪಟ್ಟೆಯ ಮೇಲೆ ಚಕ್ರ ಬರಬಾರದು.

2. ಹಳದಿ ದೀಪ ಬರುವುದು ವೇಗ ಹೆಚ್ಚಿಸಲಿಕ್ಕಲ್ಲ, ನಿಲ್ಲಿಸಲಿಕ್ಕೆ. ಥಟ್ಟನೆ ನಿಲ್ಲಿಸಿದರೆ ಅಪಾಯವಾಗುವಷ್ಟು ಹತ್ತಿರ ಬಂದಿದ್ದರೆ ಮಾತ್ರ ಎಚ್ಚರದಿಂದ ದಾಟಿರಿ.

3. ಹಸಿರು ಬಂದರೂ ಪಟ್ಟೆಯ ಮೇಲೆ ಜನರಿದ್ದರೆ ಕಾಯಿರಿ. ಎಡಕ್ಕೆ ಬಲಕ್ಕೆ ತಿರುಗುವಾಗಲೂ ಇದೇ ಕ್ರಮ.

4. ದೀಪವಿಲ್ಲದ ಪಟ್ಟೆಯಲ್ಲಿಯೂ ನಡೆಯುವವರಿಗೇ ಮೊದಲ ದಾರಿ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೀಗೆಯೇ ಹೇಳುತ್ತವೆ.

ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಒಂದೇ ಸೆಕೆಂಡಿನಲ್ಲಿ 11 ಮೀಟರ್ ಸಾಗುತ್ತದೆ. ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಹೇರು ತುಂಬಿದ ಟ್ರೇಲರ್ ಹಿಂದಿದ್ದರೆ ನಿಲ್ಲಲು ಇನ್ನೂ ದೂರ ಬೇಕು. 2019ರಲ್ಲಿ ಕಾಯಿದೆಗೆ ತಂದ ತಿದ್ದುಪಡಿಯಂತೆ ಕೆಂಪು ದೀಪ ಮೀರುವುದು ಅಪಾಯಕಾರಿ ಚಾಲನೆಗೆ ಸೇರಿದೆ. ಅದಕ್ಕೆ ದಂಡವೂ ಉಂಟು, ಸೆರೆವಾಸವೂ ಉಂಟು.

ತಾತ ತಂದ ಭತ್ತ ಈಗ ಸಸಿಮಡಿಯಲ್ಲಿ ಮೊಳೆತಿದೆ. ಅಂದು ಒಂದು ಗೇಣು ತಪ್ಪಿದ್ದರೆ ಬಿತ್ತುವವರೇ ಇರುತ್ತಿರಲಿಲ್ಲ. ಮುಂದಿನ ಸಂತೆಗೆ ಹೊರಡುವ ಮುನ್ನ ಮನೆಯ ಮಕ್ಕಳಿಗೂ ಟ್ರ್ಯಾಕ್ಟರ್ ನಡೆಸುವ ಹುಡುಗರಿಗೂ ಇದನ್ನು ಓದಿ ಹೇಳಿರಿ.

— ಗ್ರಾಮಸೇವಕ